ಚಿಕ್ಕತಾಯಿಗೆ ಹಾಸದ ಎಲೆ

"ಇಲ್ಲೇ ಕಣವ್ವ. ಈ ಗಾಜಿನ ಬಾಗ್ಲು ಐತಲ್ಲ, ಇದ್ರ ತಾವೇ ಮೂರು ಚಪ್ಪಡಿ ಮೆಟ್ಲು. ಮೀಟ್ರು ಒಳಗೆ ಎಡಕ್ಕೆ, ಔಸದಿ ಕೊಡೋ ಕಿಟಕಿ ಮ್ಯಾಲೆ. ಓದಕ್ಕೆ ಸ್ಟೂಲ್ ಅತ್ತಬೇಕಿತ್ತು."

ನಾಗಯ್ಯ ಬೊಟ್ಟು ಮಾಡಿದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮಂಡ್ಯದ ಗುತ್ತಲು ರಸ್ತೆಯ ಆ ತುಂಡಿನಲ್ಲಿ ನಲವತ್ತು ವರ್ಷದ ಹಿಂದಿನ ಆಸ್ಪತ್ರೆಯ ಗೋಡೆ ಹುಡುಕಿದರೂ ಸಿಗದು. ಆದರೆ ನಾಗಯ್ಯನ ತಲೆಯೊಳಗೆ ಎಲ್ಲವೂ ಹಾಗೇ ನಿಂತಿವೆ. ಮೂವತ್ತೆಂಟು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ನಿವೃತ್ತನಾದ ಮನುಷ್ಯ. ಕಟ್ಟಡ ಬಿದ್ದುಹೋದರೂ ಅದರ ಮೀಟರ್ ಯಾವ ಮೂಲೆಯಲ್ಲಿತ್ತು, ಯಾವ ಮನೆಯ ನಾಯಿಗೆ ಕಚ್ಚುವ ಚಾಳಿಯಿತ್ತು ಎಂಬುದನ್ನು ಅವನು ಬಿಟ್ಟುಕೊಟ್ಟಿಲ್ಲ.

ಅಂಗಡಿಯ ಹುಡುಗಿ ಬಾಗಿಲು ತೆರೆದು, "ಏನ್ ಬೇಕಿತ್ತು ಸರ್?" ಅಂದಳು.

"ಮೂರು ಮೆಟ್ಲು ಬೇಕಿತ್ತು ಮಗ. ಕಲ್ಲಿಂದು, ಅಳೇದು."

"ಸ್ಟಾಕ್ ಇಲ್ಲ ಸರ್," ಎಂದು ಅವಳು ಮುಖ ಸಡಿಲಿಸದೆ ಬಾಗಿಲು ಮುಚ್ಚಿದಳು.

ಕುಸುಮಳಿಗೆ ನಗು ಬರಲಿಲ್ಲ. ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಜನರ ವಂಶವೃಕ್ಷ ಬರೆದುಕೊಡುವ ಹೆಂಗಸು ಅವಳು. ಯಾರ ಅಪ್ಪ ಯಾರು, ಯಾರ ಮಗಳು ಎಲ್ಲಿ ಹೋದಳು ಎಂದು ಹುಡುಕುವುದು ಅವಳಿಗೆ ಕೆಲಸದ ಜೊತೆ ಅಂಟಿಕೊಂಡ ರೋಗ. ಈಗ ಅವಳ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಹಾಳೆಯೊಳಗಿನ ಒಂದು ಹಳದಿ ಚೀಟಿ. ಮೇಲೆ ರಂಗಾಚಾರ್ ನರ್ಸಿಂಗ್ ಹೋಮ್ ಎಂಬ ಅಚ್ಚು. ಕೆಳಗೆ ಶಾಯಿಯಲ್ಲಿ: ಚಿಕ್ಕತಾಯಮ್ಮ, ಹತ್ತೊಂಬತ್ತು ವರ್ಷ, ಕಾಮಾಲೆಯಿಂದ ಮರಣ, ೧೪ನೇ ನವೆಂಬರ್ ೧೯೮೧.

ತಂಗಿ ಸತ್ತದ್ದು ನಿಜವೋ ಸುಳ್ಳೋ ಹೇಳು ಎಂದು ಭಾರತೀನಗರದ ದೇವಿರಮ್ಮ ಆ ಚೀಟಿ ಕೊಟ್ಟು ಮೂರು ವಾರವಾಗಿತ್ತು.

"ಡೈರಿ ತೆಗೀರಿ ನಾಗಯ್ಯ. ಇನ್ನೊಂದು ಸಲ ಓದಿ."

ನಾಗಯ್ಯ ಚೀಲದಿಂದ ರಬ್ಬರ್ ಬ್ಯಾಂಡು ಸುತ್ತಿದ ಪುಟ್ಟ ಪುಸ್ತಕ ತೆಗೆದ. ಮೀಟರ್ ಓದುವವರು ತಮ್ಮ ನೆನಪಿಗೆಂದು ಇಟ್ಟುಕೊಳ್ಳುತ್ತಿದ್ದ ಜೇಬು ಡೈರಿ. ಬೀದಿಯ ಹೆಸರು, ಮೀಟರ್ ನಂಬರು, ಪಕ್ಕದಲ್ಲಿ ಸಣ್ಣ ಟಿಪ್ಪಣಿ. ಅವನು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ.

"ರಂಗಾಚಾರ್ ಡಾಕ್ಟ್ರು. ಮೀಟರ್ ಕಳಚಿದೆ. ಕಟ್ಟಡ ಕೆಡವುತ್ತಿದ್ದಾರೆ. ಇಸ್ವಿ ಎಂಬತ್ತೊಂದು, ಮೇ ತಿಂಗಳು."

"ಮೇ."

"ಮೇ ಕಣವ್ವ. ನನ್ ಕೈಬರ ನಂಗೆ ಗೊತ್ತಾಗಕಿಲ್ವಾ?"

ಅಂದರೆ ಚಿಕ್ಕತಾಯಿ ಸತ್ತಳೆನ್ನುವ ದಿನಕ್ಕೆ ಆರು ತಿಂಗಳು ಮೊದಲೇ ಅವಳು ಸತ್ತ ಕಟ್ಟಡ ಸತ್ತುಹೋಗಿತ್ತು.

ಡೈರಿಯೊಂದನ್ನೇ ನಂಬಿ ಮತ್ತೆ ತಪ್ಪು ಮಾಡಲು ಕುಸುಮ ತಯಾರಿರಲಿಲ್ಲ. ಎದುರು ಸಾಲಿನಲ್ಲಿ ಬಳೆ ಅಂಗಡಿಯ ಜಾನ್ ಬೀ ಕೂತಿದ್ದಳು, ಎಪ್ಪತ್ತು ದಾಟಿದವಳು. ಕೇಳಿದ್ದೇ ತಡ, ಆಕೆ ಕೈಯಲ್ಲಿದ್ದ ಬಳೆಗೊಂಚಲು ಕೆಳಗಿಟ್ಟಳು.

"ರಂಗಾಚಾರ್ ಡಾಕ್ಟ್ರಾ? ನಮ್ ನಾಸಿರ್ ಉಟ್ಟಿದ್ದೇ ಅಲ್ಲಿ. ಆ ಬಿಲ್ಡಿಂಗಲ್ಲಿ ಉಟ್ಟಿದ ಕೊನೇ ಮಗು ನಮ್ದೇ. ಅವನಿಗೆ ನಲವತ್ತು ದಿನದ ನೀರಾಕೋ ಒತ್ತಿಗೆ ಆ ಕಡೆ ಗೋಡೆ ಬೀಳ್ತಾ ಇತ್ತು. ಧೂಳಿಗೆ ಮಗು ಸೀನೋದು. ನಾನು ಬೀದಿಗೆ ಬಂದು ಕೂಲಿಯವ್ರ ಜೊತೆ ಜಗಳ ಆಡಿವ್ನಿ."

"ನಾಸಿರ್ ಯಾವಾಗ ಹುಟ್ಟಿದ್ದು ಜಾನ್ ಬೀ?"

"ಎಂಬತ್ತೊಂದು, ಏಪ್ರಿಲ್. ಆಧಾರ್ ಕಾರ್ಡ್ ತರಿಸ್ಲಾ? ಫೋಟೋ ಮಾತ್ರ ಕಳ್ಳನ ಥರ ಐತೆ, ಡೇಟು ಸರಿಯಾಗೈತೆ."

ಕುಸುಮ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮೂರು ದಿನದ ಹಿಂದೆ ಇದೇ ಚೀಟಿಯನ್ನು ಹಿಡಿದು, ಅಚ್ಚು ಅಸಲಿ, ಮೊಹರು ಅಸಲಿ ಎಂದು ನೋಡಿಕೊಂಡು, ದೇವಿರಮ್ಮನಿಗೆ ಅವಳೇ ಹೇಳಿದ್ದಳು: "ಕಾಗದ ಸರಿಯಾಗೇ ಇದೆ ಅವ್ವ. ತಂಗಿ ಹೋಗಿರೋದು ನಿಜ."

ಅದನ್ನು ಕೇಳಿ ದೇವಿರಮ್ಮ ಅತ್ತಿರಲಿಲ್ಲ. "ಅಂಗಾರೆ ನಲವತ್ನಾಲ್ಕು ವರ್ಸ ಅವಳ್ನ ಉಪಾಸ ಕೆಡವ್ಬುಟ್ಟೆ," ಅಂದಿದ್ದಳು.

ಇಂದು ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಎಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕೂರುವ ದಿನ. ತಾಯಿ ಸತ್ತ ಮೇಲೆ ಸೊಂಟದ ಮೇಲಿಟ್ಟುಕೊಂಡು ಸಾಕಿದ ತಂಗಿಗೆ ದೇವಿರಮ್ಮ ಒಮ್ಮೆಯೂ ಎಡೆ ಇಟ್ಟಿರಲಿಲ್ಲ. ಮುಖ ನೋಡಿಲ್ಲ, ಮಣ್ಣು ಹಾಕಿಲ್ಲ, ಹೇಗೆ ಸತ್ತಳೆನ್ನಲಿ ಎಂಬ ಹಟ. ಈ ವರ್ಷ ಮೊದಲ ಸಲ ಇಡಲಿದ್ದಳು. ಕುಸುಮ ಹೇಳಿದ ಒಂದು ಮಾತಿನ ಮೇಲೆ.

ಫೋನ್ ಮಾಡಿದಳು.

"ಏನವ್ವ ಕುಸ್ಮ. ಒಲೆ ಮುಂದೆ ಇವ್ನಿ, ಬಿರ್ನೆ ಯೋಳು."

"ಅವ್ವ, ತಂಗಿಗೆ ಎಲೆ ಹಾಸಿಬಿಟ್ರಾ?"

"ಇನ್ನೂ ಇಲ್ಲ. ಗಂಡನ್ ಮನೇಲಿ ತವರಿನೋರ್ಗೆ ಇಕ್ಕಂಗಿಲ್ಲ ಅಂತ ನಮ್ಮಟ್ಟಿಯೋರು ಒಂದ್ ಆಟ ಆಡುದ್ರು. ಇತ್ತಲ ಕ್ವಾಣೇಲಿ ಇಕ್ತೀನಿ, ಯಾರ್ ತಡೀತಾರೋ ನೋಡ್ತೀನಿ ಅಂದೆ. ಅಸುರು ಬಳೆ ತಂದಿವ್ನಿ. ಯಾಕವ್ವ?"

ಕುಸುಮ ಚೀಟಿಯನ್ನು ಮತ್ತೆ ನೋಡಿದಳು. ಚೀಟಿ ಸುಳ್ಳು ಎಂದ ಮಾತ್ರಕ್ಕೆ ಚಿಕ್ಕತಾಯಿ ಬದುಕಿದ್ದಾಳೆ ಎಂದಾಗದು. ಬೇರೆಲ್ಲೋ ಸತ್ತಿರಬಹುದು. ನಿಲ್ಲಿಸಿ ಎಂದರೆ ಸತ್ತವಳು ಮತ್ತೊಂದು ವರ್ಷ ಹಸಿದಿರಬೇಕು. ಇಡಿ ಎಂದರೆ, ಬದುಕಿರುವ ತಂಗಿಗೆ ಅಕ್ಕನ ಕೈಯಿಂದಲೇ ಎಡೆ. ಅದಕ್ಕಿಂತ ದೊಡ್ಡ ಕೆಡುಕು ಈ ಸೀಮೆಯಲ್ಲಿ ಯಾರೂ ಯಾರಿಗೂ ಬಯಸುವುದಿಲ್ಲ.

"ಸ್ವಲ್ಪ ತಡೀರಿ ಅವ್ವ. ನಾನೇ ಫೋನ್ ಮಾಡ್ತೀನಿ."

"ಒತ್ತು ಇಳಿಯಕ್ ಮುಂಚೆ ಇಕ್ಬೇಕು. ಹಿರೀಕ್ರು ಉಣ್ದೆ ಐಕ್ಳು ಉಣ್ಣಂಗಿಲ್ಲ. ನಾಕ್ ಗಂಟೆಗಂಟ ಕಾಯ್ತೀನಿ."

ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ದೇವಿರಮ್ಮನಿಗೆ ಆ ಚೀಟಿ ತಂದುಕೊಟ್ಟದ್ದು ಅವಳ ಒಬ್ಬನೇ ತಮ್ಮ ಸಿದ್ದರಾಜು. ನಿಡಘಟ್ಟದಲ್ಲಿದ್ದಾನೆ. ನಾಗಯ್ಯ ಸ್ಕೂಟರ್ ಒದ್ದ.

ಮದ್ದೂರಿನಲ್ಲಿ ಹಬ್ಬದ ಜನ. ಬಾಳೆಎಲೆ ಕಟ್ಟು ಹೊತ್ತವರು, ಮಾಂಸದ ಚೀಲ ಹಿಡಿದವರು, ಪಂಚೆ ಸೀರೆ ಕೊಂಡು ಬಸ್ಸಿಗೆ ಕೈ ಅಡ್ಡ ಹಾಕುವವರು. ಸತ್ತವರಿಗಾಗಿ ಇಷ್ಟು ಅವಸರ ಪಡುವ ಜನರನ್ನು ದಾಟಿಕೊಂಡು ಹೋಗುವಾಗ ನಾಗಯ್ಯ ಒಂದೇ ಮಾತು ಆಡಿದ.

"ಆವಮ್ಮ ಏನಾರ ಮುಂಚೇನೇ ಇಕ್ಬುಟ್ರೆ, ನೀನು ಬದ್ಕಿರೋಗಂಟ ಅದು ನಿನ್ನ ಬುಡಕಿಲ್ಲ ಕಣವ್ವ."

"ಗೊತ್ತು. ಗಾಡಿ ಓಡ್ಸಿ."

ನಿಡಘಟ್ಟದ ಸಿದ್ದರಾಜುವಿನ ಮನೆಗೆ ಮುಂಭಾಗವೇ ಇರಲಿಲ್ಲ. ರಸ್ತೆ ಅಗಲ ಮಾಡಿದಾಗ ಜಗಲಿ, ಪಡಸಾಲೆ, ಅರ್ಧ ನಡುಮನೆ ಹೋಗಿ, ಉಳಿದ ಅರ್ಧಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿ ಬಾಗಿಲಿಟ್ಟಿದ್ದರು. ಒಳಗೆ ಕಾಲಿಟ್ಟರೆ ಸೀದಾ ಹಿರಿಯರ ಮುಂದೆ ನಿಲ್ಲಬೇಕು. ನಾಲ್ಕು ಎಲೆ ಹಾಸಿತ್ತು. ಪ್ರತಿ ಎಲೆಯ ಮುಂದೆ ಮಡಿಸಿದ ಬಟ್ಟೆ.

ಅರವತ್ತೆಂಟರ ಸಿದ್ದರಾಜು ಕಂಬಕ್ಕೆ ಒರಗಿ ಕುಳಿತಿದ್ದ. ಸಣಕಲು ಆಳು. ಬಂದವರು ಯಾರೆಂದು ತಿಳಿದರೂ ಏಳಲಿಲ್ಲ.

"ಅಬ್ಬದ್ ದಿನ ಬಂದಿದೀರಿ. ಉಂಡ್ಕೊಂಡ್ ಓಗಿ. ಮಾತು ನಾಳಿಕ್ಕೆ."

"ಮಾತು ಇವತ್ತಿಂದೇ ಸಿದ್ದರಾಜಣ್ಣ," ಎಂದು ಕುಸುಮ ಚೀಟಿಯನ್ನು ಅವನ ಮುಂದಿಟ್ಟಳು. "ಈ ಆಸ್ಪತ್ರೆ ಮೇ ತಿಂಗಳಲ್ಲೇ ಕೆಡವಿದ್ರಂತೆ. ನಿಮ್ಮ ತಂಗಿ ನವೆಂಬರಲ್ಲಿ ಅದ್ರೊಳಗೆ ಹೇಗೆ ಸತ್ಲು?"

"ಡಾಕ್ಟ್ರು ಬ್ಯಾರೆ ತಾವಕ್ಕೆ ಓಗಿರ್ಬೋದು. ನಂಗೇನ್ ಗ್ಯಾನ."

"ಡಾಕ್ಟ್ರು ಮೈಸೂರಿಗೆ ಮಗನ ತಾವ ಓದ್ರು. ಮೀಟ್ರು ಕಳಚಿದೋನು ನಾನೇ ಕಣಪ್ಪ," ಎಂದ ನಾಗಯ್ಯ.

"ನೀನ್ ಕಳಚಿದ್ ಮೀಟ್ರೆಲ್ಲ ಬೆಳಗಿಂದ ಸಂದೆಗಂಟ ಸಾಕ್ಸಿ ಯೋಳ್ತವಾ?"

ಕುಸುಮಳ ಕಣ್ಣು ಎಲೆಗಳ ಮೇಲಿತ್ತು. ಈ ಮನೆಯ ವಂಶವೃಕ್ಷವನ್ನು ಅವಳೇ ಬರೆದದ್ದು; ಹೆಸರುಗಳು ಬಾಯಿಪಾಠ. ಮೊದಲನೆಯದು ಪಂಚೆ, ಎಲೆಅಡಿಕೆ: ಅಪ್ಪ. ಎರಡನೆಯದು ಕೆಂಪಂಚಿನ ಸೀರೆ: ಅವ್ವ. ಮೂರನೆಯದು ಹೂವಿನ ಸೀರೆ: ಸಿದ್ದರಾಜುವಿನ ಹೆಂಡತಿ. ನಾಲ್ಕನೆಯದಕ್ಕೆ ಪಂಚೆ, ಒಂದು ಕಟ್ಟು ಬೀಡಿ.

"ಅದು ಯಾರಿಗೆ ಸಿದ್ದರಾಜಣ್ಣ? ಬೀಡಿ ಇಟ್ಟಿರೋದು."

"ನಮ್ ಚಿಕ್ಕಪ್ಪಂಗೆ. ಮದ್ವೆ ಇಲ್ದೆ ಸತ್ತ. ಅರವತ್ತೊಂಬತ್ರಲ್ಲಿ."

"ಮದುವೆ ಇಲ್ಲದೆ ಸತ್ತ ಚಿಕ್ಕಪ್ಪನಿಗೂ ಎಲೆ ಇದೆ. ಮದುವೆ ಇಲ್ಲದೆ ಸತ್ತ ತಂಗಿಗೆ ಇಲ್ಲ."

"ಹೆಣ್ಮಕ್ಕಳಿಗೆ ತವರಲ್ಲಿ ಇಕ್ಕಂಗಿಲ್ಲ."

"ಗಂಡನ ಮನೆ ಇದ್ದೋರಿಗೆ ಆ ಮಾತು. ಅವಳಿಗೆ ತವರು ಬಿಟ್ರೆ ಇನ್ಯಾರು ಇಕ್ತಾರೆ?"

ಆ ಹೊತ್ತಿಗೆ ಒಳಗಿನಿಂದ ಸೊಸೆ ಗಗನ ಬಂದಳು, ಸೌಟು ಕೈಯಲ್ಲೇ. ಗೋಡೆಗೆ ಒರಗಿಸಿಟ್ಟಿದ್ದ, ತೊಳೆದ, ಖಾಲಿ ಎಲೆಯೊಂದನ್ನು ತೋರಿಸಿದಳು.

"ಮಾವ, ಇದೊಂದು ಬೆಳಗ್ಗಿಂದ ಇಲ್ಲೇ ನಿಂತೈತೆ. ಆಸ್ಲಾ, ಎತ್ತಿಡ್ಲಾ? ನೀವೇ ಐದು ಕುಯ್ಯಿ ಅಂದ್ರಿ, ನಾಕೇ ಆಸಿದ್ರಿ."

"ಅಲ್ಲೇ ಇರ್ಲಿ ಬುಡವ್ವ," ಎಂದ ಸಿದ್ದರಾಜು.

ಗಗನ ಬಂದವರ ಮುಖವನ್ನೂ ಮಾವನ ಮುಖವನ್ನೂ ನೋಡಿ, ಸೌಟು ಸೆರಗಿಗೆ ಒರೆಸಿಕೊಂಡು ಹಿಂದಕ್ಕೆ ಹೋದಳು. ರಸ್ತೆಯಲ್ಲಿ ಲಾರಿಯೊಂದು ಹೋಗಿ, ಹಾಸಿದ ಎಲೆಗಳ ಅಂಚು ಅದುರಿದವು. ಸಿದ್ದರಾಜು ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದು ಕುಳಿತ.

"ಸುಳ್ ಯೋಳ್ಬೋದು ಕಣಮ್ಮ. ಕಾಗ್ದ ಮಾಡುಸ್ಬೋದು. ಊರೋರ್ ಮುಂದೆ ಅಳ್ಲೂಬೋದು. ಬದ್ಕಿರೋ ತಂಗಿಗೆ ಎಲೆ ಆಸಕ್ಕೆ ಕೈ ಬರ್ನಿಲ್ಲ. ಒಂದ್ ವರ್ಸಾನೂ ಬರ್ನಿಲ್ಲ."

ನಾಗಯ್ಯ ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ಆಮೇಲೆ ಸಿದ್ದರಾಜು ಹೇಳಿದ್ದಕ್ಕೆ ಪ್ರಶ್ನೆ ಬೇಕಾಗಲಿಲ್ಲ. ಎಷ್ಟೋ ವರ್ಷ ಒಳಗೇ ಹೇಳಿಕೊಂಡು ಹೇಳಿಕೊಂಡು ಸವೆದ ಮಾತು. ಚಿಕ್ಕತಾಯಿಯ ಬೆನ್ನ ಮೇಲೆ ಮಚ್ಚೆ ಕಂಡವು. ಸೂಜಿ ಚುಚ್ಚಿದರೂ ನೋವಿಲ್ಲ. ದೊಡ್ಡರೋಗ, ಕುಷ್ಠ ಅಂದರು ಡಾಕ್ಟರು. ಆಗ ಸಿದ್ದರಾಜುವಿಗೆ ಹೆಣ್ಣು ಗೊತ್ತಾಗಿತ್ತು. ದೇವಿರಮ್ಮನ ಕಂಕುಳಲ್ಲಿ ಎರಡು ಹೆಣ್ಣುಕೂಸು.

"ಗೊತ್ತಾಗಿದ್ರೆ ಅಕ್ಕನ್ನ ಗಂಡನ ಮನೆಯೋರು ಮಡಿಕತಿದ್ರಾ? ಆ ಕೂಸುಗಳಿಗೆ ಯಾರ್ ಗಂಡು ಕೊಡ್ತಿದ್ರು? ಬೆಂಗ್ಳೂರಿಂದ ಆಚಿಕ್ಕೆ ಒಂದ್ ಆಸ್ಪತ್ರೆಗೆ ಬುಟ್ಟು ಬಂದೆ. ಹೆಣ್ಣಿನ್ ಕಡೆಯೋರು ತಂಗಿ ಎಲ್ಲಿ ಎಲ್ಲಿ ಅಂತ ಕೇಳುದ್ರು. ರಂಗಾಚಾರ್ ತಾವ ಇದ್ದ ಕಾಂಪೌಂಡ್ರು ಒಬ್ಬ ಅಳೇ ಚೀಟಿಪುಸ್ತಕ ಮಡಿಕೊಂಡಿದ್ದ. ಬರ್ಸ್ಕೊಂಡ್ ಬಂದೆ."

"ಆಮೇಲೆ ಅವರು ವಾಸಿಯಾಗಲಿಲ್ವಾ?"

"ಆದ್ಲು." ಅವನು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. "ಮೂರೇ ವರ್ಸ. ಮಾತ್ರೆ ನುಂಗಿ ವಾಸಿ ಮಾಡ್ಕೊಂಡು, ಎರಡು ಬೆರಳು ಮೊಂಡಾಗಿದ್ವು ಅಷ್ಟೇಯ, ಮದ್ದೂರು ಬಸ್ ಸ್ಟಾಂಡ್‌ಗಂಟ ಬಂದ್ಲು. ನಂಗೆ ಯೋಳಿ ಕಳ್ಸಿದ್ಲು. ಓದೆ. ಅಕ್ಕನ ಮನೆಗೆ ಓಗ್ಬೇಕು, ಅಕ್ಕ ನನ್ನ ಬುಡಕಿಲ್ಲ ಅಂದ್ಲು. ಅಷ್ಟೊತ್ತಿಗೆ ಊರೆಲ್ಲ ಅವಳು ಸತ್ತವ್ಳೆ. ಏನ್ ಮಾಡ್ಲಿ? ಅಕ್ಕ ಓಗ್ಬುಟ್ಲು ಕಣವ್ವ, ಎರಿಗೇಲಿ ಓದ್ಲು ಅಂದ್ಬುಟ್ಟೆ."

"ದೇವಿರಮ್ಮ ಸತ್ತೋದ್ರು ಅಂದ್ರಾ?"

"ಅಂದೆ. ಕಲ್ಲುಬೆಂಚಿನ್ ಮ್ಯಾಲೆ ಕುಂತಿದ್ಲು. ಅಳ್ನಿಲ್ಲ. ನಂಗೆ ಅಂತ ಒಂದು ಪೊಟ್ಣ ಕಳ್ಳೇಪುರಿ ತಂದಿದ್ಲು, ಅದ್ನ ಕೈಗೆ ಕೊಟ್ಟು ಬಂದ್ ಬಸ್ಸೇ ಅತ್ಕೊಂಡ್ ಓದ್ಲು."

ಒಳಗೆ ಗಗನ ಏನನ್ನೋ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯುವುದು ಕೇಳಿಸಿತು.

ಸಿದ್ದರಾಜು ಹಿರಿಯರ ಬಟ್ಟೆ ಇಡುವ ತಗಡಿನ ಪೆಟ್ಟಿಗೆ ಎಳೆದು ತಳದಿಂದ ಪೋಸ್ಟ್‌ಕಾರ್ಡುಗಳ ಕಟ್ಟು ತೆಗೆದ. ವರ್ಷಕ್ಕೊಂದು. ಎಲ್ಲವೂ ಹಬ್ಬದ ವಾರವೇ ಬರೆದವು. ಕುಸುಮ ಮೇಲಿನದನ್ನು ಎತ್ತಿಕೊಂಡಳು. ಬೆರಳು ಮೊಂಡಾದ ಕೈ ಬರೆದ ಅಕ್ಷರ, ಓರೆಯಾಗಿ, ದಪ್ಪಗೆ.

ಅಣ್ಣನಿಗೆ ನಮಸ್ಕಾರ. ಕ್ಷೇಮ. ಈ ವರ್ಷವೂ ಅಕ್ಕನಿಗೆ ಎಡೆ ಇಟ್ಟೆ. ಹುರುಳಿಕಾಳಿನ ಬಸ್ಸಾರು, ಮುದ್ದೆ, ಅಕ್ಕನಿಗೆ ಇಷ್ಟ ಅಂತ ಸಜ್ಜಪ್ಪ ಮಾಡಿದೆ. ಅಕ್ಕನ ಮಕ್ಕಳು ಚೆನ್ನಾಗಿದ್ದಾರಾ, ಒಂದು ಸಾಲು ಬರಿ. ಚಿಕ್ಕತಾಯಿ, ಮಾದಪ್ಪನವರ ವಠಾರ, ಮಳವಳ್ಳಿ.

ಮಳವಳ್ಳಿ. ಭಾರತೀನಗರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಲವತ್ತು ವರ್ಷ, ಮುಕ್ಕಾಲು ಗಂಟೆಯ ದಾರಿಯಲ್ಲಿ, ಸಾಯದ ಅಕ್ಕನಿಗೆ ತಂಗಿ ಎಡೆ ಇಡುತ್ತಿದ್ದಳು. ಕುಸುಮ ಕಾರ್ಡಿನ ಮೇಲಿನ ಮೊಹರು ನೋಡಿದಳು.

"ಇದು ಆಚೆ ವರ್ಷದ್ದು. ಹೋದ ವರ್ಷದ್ದು ಎಲ್ಲಿ?"

"ಬರ್ನಿಲ್ಲ."

"ಬರಲಿಲ್ಲ ಅಂದ್ರೆ?"

"ಬರ್ನಿಲ್ಲ ಅಂದ್ರೆ ಬರ್ನಿಲ್ಲ. ದೀವಳಿಗೆಗಂಟ ಕಾದೆ. ಸಂಕ್ರಾಂತಿಗಂಟ ಕಾದೆ. ಪೋಸ್ಟ್‌ಮ್ಯಾನ್ ನನ್ ಕಂಡ್ರೆ ಸೈಕಲ್ ತಿರ್ಗಿಸ್ಕತಾನೆ." ಅವನು ಗೋಡೆಗೆ ಒರಗಿದ್ದ ಎಲೆಯ ಕಡೆ ನೋಡಲಾರದೆ ನೋಡಿದ. "ಅದ್ಕೇ ಐದು ಕುಯ್ಯಿ ಅಂದೆ. ಆಸಕ್ಕೆ ಆಯ್ತಿಲ್ಲ, ಬಿಸಾಕಕ್ಕೂ ಆಯ್ತಿಲ್ಲ."

"ಮಳವಳ್ಳಿಗೆ ಒಂದು ಸಲ ಹೋಗಿ ನೋಡೋಕಾಗಲಿಲ್ವಾ ನಿಮಗೆ?"

"ಓಗಿ ಏನಂತ ಮೊಕ ತೋರುಸ್ಲಿ?"

ನಾಗಯ್ಯ ಆಗಲೇ ಫೋನು ಕಿವಿಗಿಟ್ಟಿದ್ದ. ಮಳವಳ್ಳಿಯಲ್ಲಿ ಲೈನ್‌ಮ್ಯಾನ್ ಆಗಿದ್ದ ಹಳೆಯ ಜೊತೆಗಾರ ಚಿಕ್ಕಬೋರಯ್ಯನಿಗೆ. ಸ್ಪೀಕರ್ ಹಾಕಿದ.

"ಲೇ ಬೋರ, ಮಾದಪ್ಪನ ವಠಾರ ಗೊತ್ತೇನ್ಲಾ?"

"ಅಬ್ಬದ್ ದಿನ ಬಾಡು ಉಣ್ಣಕ್ ಕರೀತಾನೆ ಅಂದ್ರೆ ವಠಾರ ಕೇಳ್ತಾನೆ. ಅದೆಲ್ಲೈತೆ ಈಗ? ಓದ ವರ್ಸ ಮಳೆಗಾಲ್ದಲ್ಲಿ ಕೆಡವುದ್ರು ಕಣ್ಲಾ. ಬಯಲಾಗೈತೆ."

"ಅಲ್ಲಿ ಒಂದು ಹೆಂಗ್ಸು ಇರ್ನಿಲ್ವಾ, ಕೈಬೆರಳು ಮೊಂಡು?"

"ಇತ್ತು. ಟೈಲರಮ್ಮ. ಒಳ್ಳೆ ಹೆಂಗ್ಸು, ಓದಾಗೆಲ್ಲ ಮಜ್ಗೆ ಕೊಡೋದು."

"ಎಲ್ಲಿಗೋಯ್ತು?"

ಆ ಕಡೆ ಚಿಕ್ಕಬೋರಯ್ಯ ಕೆಮ್ಮಿದ. "ಕೆಡವೋಕ್ ಮುಂಚೇನೇ ಜರ ಬಂದು ಮಲಗಿತ್ತು ಅಂತಿದ್ರು. ಆಸ್ಪತ್ರೆಗೆ ಆಕುದ್ರು ಅಂತ ಒಬ್ರು, ಯಾರೋ ಕರ್ಕೊಂಡೋದ್ರು ಅಂತ ಒಬ್ರು. ಹದಿನಾಲ್ಕು ಸಂಸಾರ, ಒಂದೊಂದು ಒಂದೊಂದ್ ದಿಕ್ಕಿಗೆ ಓದ್ವು. ಯಾರ್ನ ಕೇಳ್ತೀಯ?"

ಸಿದ್ದರಾಜು ಕಂಬವನ್ನು ಹಿಡಿದುಕೊಂಡ.

ಗಂಟೆ ಮೂರೂ ಕಾಲು. ನಾಲ್ಕಕ್ಕೆ ಇನ್ನೂ ಹೊತ್ತಿದೆ. ಕುಸುಮ ಫೋನು ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ದೇವಿರಮ್ಮ.

"ಏನವ್ವ, ಪೋನ್ ಮಾಡ್ತೀನಿ ಅಂದೋಳು ಮಾಡ್ನೇ ಇಲ್ಲ."

"ಅವ್ವ, ಕೇಳಿ. ಎಲೆ ಹಾಸಬೇಡಿ. ಆ ಕಾಗದ ಸುಳ್ಳು. ನಾನು ನಿಮಗೆ ತಪ್ಪು ಹೇಳಿದೆ. ಚಿಕ್ಕತಾಯಿ ಆವತ್ತು ಸತ್ತಿರಲಿಲ್ಲ. ಹೋದ ವರ್ಷದವರೆಗೂ ಮಳವಳ್ಳಿಯಲ್ಲಿ ಬದುಕಿದ್ರು. ಈಗ ಎಲ್ಲಿದ್ದಾರೆ, ಇದ್ದಾರೋ ಇಲ್ವೋ, ಗೊತ್ತಿಲ್ಲ."

ಆ ಕಡೆ ದೂರದಲ್ಲಿ ಯಾವುದೋ ಮಗು ಹಸಿವು ಎಂದು ರಾಗ ಎಳೆಯುತ್ತಿತ್ತು.

"ನಾನು ಓಗ್ಬುಟ್ಟೆ ಅಂತ ಯೋಳವ್ರಾ ಅವಳ್ಗೆ?" ಎಂದಳು ದೇವಿರಮ್ಮ ಕೊನೆಗೆ. ಯಾರು ಹೇಳಿದರು ಎಂದು ಕೇಳಲಿಲ್ಲ. "ಇಲ್ದಿದ್ರೆ ನನ್ನ ನೋಡಕ್ ಬರ್ದೆ ಇರೋಳಲ್ಲ ಅವಳು."

"ಹೌದು ಅವ್ವ. ವರ್ಷ ವರ್ಷ ನಿಮಗೆ ಎಡೆ ಇಡ್ತಿದ್ರಂತೆ."

"ಏನಿಕ್ತಿದ್ಲು?"

ಕುಸುಮ ಕಾರ್ಡು ನೋಡಿ ಓದಿದಳು. "ಬಸ್ಸಾರು. ಮುದ್ದೆ. ನಿಮಗೆ ಇಷ್ಟ ಅಂತ ಸಜ್ಜಪ್ಪ."

"ಸಜ್ಜಪ್ಪ ನಂಗೆಲ್ಲಿಷ್ಟ. ಅವಳ್ಗಿಷ್ಟ." ದೇವಿರಮ್ಮ ಸಣ್ಣಗೆ ನಕ್ಕಳು, ನಗು ಮುಗಿಯುವ ಮೊದಲೇ ಬೇರೇನೋ ಆಯಿತು. "ಚಿಕ್ಕೋಳಾಗಿದ್ದಾಗ ನನ್ ಪಾಲಿಂದೂ ಕೊಟ್ಬುಡ್ತಿದ್ದೆ. ಅದ್ಕೇ ಅಂಗನ್ಕೊಂಡವ್ಳೆ."

ಸಿದ್ದರಾಜು ಫೋನಿನ ಕಡೆಗೆ ಬಾಗಿ, "ಅಕ್ಕ," ಎಂದ.

"ಕುಸ್ಮ," ಎಂದಳು ದೇವಿರಮ್ಮ. "ಮೋಡ ಮುಚ್ಕತ್ತು. ಒತ್ತೋಯ್ತು ಅನ್ಕಂಡೆ. ಐಕ್ಳು ಅಸ್ಕೊಂಡು ಕುಂತಿದ್ವು. ಇಕ್ಬುಟ್ಟೆ ಕಣವ್ವ. ಬಳೆ ಮಡುಗ್ದೆ, ಬಡುಸ್ದೆ, ಬಾಗ್ಲು ಮುಚ್ಕೊಂಡು ಬಂದು ಹಿತ್ಲಲ್ಲಿ ಕುಂತಿವ್ನಿ."

ಕುಸುಮ ಗೋಡೆಗೆ ಒರಗಿದ್ದ ಖಾಲಿ ಎಲೆಯ ಕಡೆ ತಿರುಗಿದಳು.

"ಬದ್ಕಿದ್ರೆ ಆ ಎಲೆ ಅಲ್ಲಿರಬಾರ್ದು. ಓಗಿದ್ರೆ, ಉಣ್ತಾ ಕುಂತಿರೋಳ ಮುಂದಿಂದ ಎಲೆ ಎಳಿಯೋದೆಂಗೆ? ನಂಗೊಂದೂ ತೋಚಾಕಿಲ್ಲ. ಈಗ ಎದ್ದು ಬಂದು ಅಗುಳಿ ಮ್ಯಾಲೆ ಕೈ ಮಡಿಕೊಂಡಿವ್ನಿ." ಅವಳ ದನಿ ಈಗ ತೀರಾ ಮೆಲ್ಲಗಿತ್ತು, ಬಾಗಿಲಾಚೆ ಇರುವವರಿಗೆ ಕೇಳಿಸಬಾರದು ಎನ್ನುವಂತೆ. "ನೀನೇ ಯೋಳವ್ವ. ತೆಗೀಲಾ, ಬುಡ್ಲಾ?"